ಎರಡನೆಯ ಕೊಡ ಎಲ್ಲಿ?

ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಬೆಳಗಿನ ನಡಿಗೆಗೆ ಬಂದು, ಹೂ ಕೊಯ್ದುಕೊಂಡು ಮನೆಗೆ ಹೋಗುವ ಹಿರಿಯರಿಗೆ,



ಹೆಸರು ಹಿಡಿದು ಕರೆಯುವುದಿಲ್ಲ, ನೀವು ಯಾರೆಂದು ನಿಮಗೇ ಗೊತ್ತು. ನಾಗರಬಾವಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿ ಉಪನಗರಗಳಿಂದ ಬೆಳಕು ಹರಿಯುವ ಮೊದಲೇ ಹೊರಟು ವಿಶ್ವವಿದ್ಯಾಲಯದ ರಸ್ತೆಗಳಲ್ಲಿ ಸರಸರ ನಡೆಯುವವರು. ಡಾಕ್ಟರು ಹೇಳಿದರು ಅಂತ ಶುರು ಮಾಡಿದ ನಡಿಗೆ ಈಗ ಬಿಡಲಾಗದ ಅಭ್ಯಾಸವಾಗಿದೆ. ಕೈಯಲ್ಲೊಂದು ಚೀಲ. ಹೋಗುವಾಗ ಖಾಲಿ, ಬರುವಾಗ ದಾಸವಾಳ, ಕಣಗಿಲೆ, ನಂದಿಬಟ್ಟಲು. ದೇವರ ತಲೆ ಮೇಲಿಡೋದಕ್ಕೆ ತಾನೇ, ನಾವೇನು ಮಾರಿಕೊಳ್ಳುತ್ತೇವಾ ಎಂಬ ಸಮಾಧಾನವೂ ಚೀಲದ ಜೊತೆಗೇ ಇರುತ್ತದೆ.

ಬೈಯಲು ಬರೆದ ಪತ್ರ ಇದಲ್ಲ. ನಾಲ್ಕು ದಾಸವಾಳ ಕಿತ್ತವರನ್ನು ಹಿಡಿದು ದಂಡ ಹಾಕುವಷ್ಟು ನೀತಿವಂತ ಊರು ನಮ್ಮದಲ್ಲ, ಆಗುವುದೂ ಬೇಡ. ನನಗೆ ಹೇಳಬೇಕಿರುವುದು ನಿಮ್ಮ ಜೊತೆ ಬರುವ ಮಕ್ಕಳ ವಿಷಯ.

ಭಾನುವಾರದ ಬೆಳಗ್ಗೆ ಆವರಣದಲ್ಲಿ ಈ ದೃಶ್ಯ ಯಾರಿಗಾದರೂ ಕಾಣುತ್ತದೆ. ತಾತ ಛತ್ರಿಯ ಹಿಡಿಯನ್ನು ಕಣಗಿಲೆಯ ಕೊಂಬೆಗೆ ಸಿಕ್ಕಿಸಿ ಬಗ್ಗಿಸುತ್ತಾರೆ. ಏಳೆಂಟು ವರ್ಷದ ಮೊಮ್ಮಗಳು ಎರಡೂ ಕೈಯಲ್ಲಿ ಚೀಲದ ಬಾಯಿ ಅಗಲಿಸಿ ಹಿಡಿದು ಕತ್ತು ಮೇಲೆತ್ತಿ ನಿಂತಿರುತ್ತಾಳೆ. ಹೂವಿನ ಜೊತೆ ಮೊಗ್ಗು, ಮೊಗ್ಗಿನ ಜೊತೆ ಚಿಗುರು, ಒಮ್ಮೊಮ್ಮೆ ಟಪ್ಪನೆ ಕೊಂಬೆಯೇ. ಮುರಿದ ಜಾಗದಲ್ಲಿ ಬಿಳಿ ಹಾಲು ಒಸರುತ್ತದೆ. ಕಣಗಿಲೆಯ ಹಾಲು ವಿಷ, ಮಗುವಿನ ಕೈ ಮುಖಕ್ಕೆ ತಾಗಬಾರದು. ಆದರೆ ಆ ಕಡೆ ಯಾರ ಗಮನವೂ ಇರುವುದಿಲ್ಲ. ಎದುರಿಗೆ ಬಂದ ಗೆಳೆಯರು ನಿಂತು, "ಎಷ್ಟು ಸಹಾಯ ಮಾಡ್ತಾಳ್ರೀ, ಪುಣ್ಯವಂತೆ" ಅನ್ನುತ್ತಾರೆ. ಮಗುವಿನ ಮುಖ ಅರಳುತ್ತದೆ. ಕೈ ನೋಯುತ್ತಿದೆ ಎಂದು ಅವಳು ಹೇಳಬೇಕೆಂದಿದ್ದರೂ ಆ ಮಾತಿನ ಮೇಲೆ ಇನ್ನು ಹೇಳುವುದಿಲ್ಲ.

ಇದನ್ನು ನೋಡಿದಾಗೆಲ್ಲ ನನಗೊಂದು ಕಥೆ ನೆನಪಾಗುತ್ತದೆ. ನಿಮ್ಮಲ್ಲಿ ಕೆಲವರು, ಅದರಲ್ಲೂ ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು, ಅಜ್ಜಿಯ ಬಾಯಲ್ಲಿ ಕೇಳಿರಲಿಕ್ಕೂ ಸಾಕು. ಹೂವಿನ ಮರವಾಗುವ ಹುಡುಗಿಯ ಕಥೆ.

ಒಂದು ಊರು. ತೀರಾ ಹಳ್ಳಿಯಲ್ಲ, ಅರಮನೆಯೂ ಇದೆ, ಬಡವರ ಗುಡಿಸಲೂ ಇದೆ. ಅಲ್ಲೊಬ್ಬ ಮುದುಕಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಕಂಡವರ ಮನೆ ಚಾಕರಿ ಮಾಡಿ ಮಕ್ಕಳನ್ನು ಸಾಕುತ್ತಾಳೆ. ಅವ್ವ ನಮಗಾಗಿ ಇಷ್ಟು ಸವೆಯುತ್ತಾಳಲ್ಲ, ನಾವೇನು ಮಾಡಿದೆವು ಎಂದು ಕಿರಿಯವಳಿಗೆ ಒಂದು ದಿನ ಅನ್ನಿಸುತ್ತದೆ. ಅಕ್ಕನನ್ನು ಕರೆದು ತನ್ನ ಗುಟ್ಟು ಹೇಳುತ್ತಾಳೆ. ನಾನು ಹೂವಿನ ಮರವಾಗುತ್ತೇನೆ, ನೀನು ಹೂ ಕೊಯ್ದುಕೋ, ಕಟ್ಟಿ ಮಾರೋಣ.

ಆದರೆ ಅದಕ್ಕೆ ಕಟ್ಟಳೆ ಉಂಟು. ನೆಲ ಗುಡಿಸಿ ಸಾರಿಸಬೇಕು. ಎರಡು ಕೊಡ ನೀರು ತರಬೇಕು, ಉಗುರು ಸೋಕದ ನೀರು. ಹುಡುಗಿ ದೇವರ ಧ್ಯಾನ ಮಾಡುತ್ತ ಕೂರುತ್ತಾಳೆ. ಒಂದು ಕೊಡ ಅವಳ ಮೇಲೆ ಸುರಿದರೆ ಮರವಾಗುತ್ತಾಳೆ. ಹೂವನ್ನು ಬೇಕಾದಷ್ಟು ಕೊಯ್ಯಬಹುದು. ಚಿಗುರು ಮುರಿಯುವಂತಿಲ್ಲ, ಎಲೆ ಹರಿಯುವಂತಿಲ್ಲ. ಕೊಯ್ದಾದ ಮೇಲೆ ಎರಡನೆಯ ಕೊಡ ಸುರಿಯಬೇಕು. ಆಗ ಮರ ಹೋಗಿ ಮತ್ತೆ ಹುಡುಗಿ; ಎದ್ದು ತಲೆಗೂದಲ ನೀರು ಕೊಡವಿಕೊಳ್ಳುತ್ತಾಳೆ.

ಹೂವಿನ ಸರ ಅರಮನೆಯಲ್ಲಿ ಬಿಕರಿಯಾಗುತ್ತದೆ. ಆ ಪರಿಮಳ ರಾಜಕುಮಾರನ ಮೂಗಿಗೆ ಬೀಳುತ್ತದೆ. ಎಲ್ಲಿಂದ ಬರುತ್ತದೆ ಈ ಹೂವು ಎಂದು ಹಿಂಬಾಲಿಸಿ, ಕದ್ದು ನೋಡಿ, ಗುಟ್ಟು ತಿಳಿದು, ಮದುವೆಯಾಗಬೇಕೆಂದು ಹಟ ಹಿಡಿಯುತ್ತಾನೆ. ಮದುವೆಯಾಗುತ್ತದೆ. ಮದುವೆಯಾದ ಮೇಲೆ ಅವನು ಕೇಳುವುದೇನು? ಮರವಾಗಿ ತೋರಿಸು. ಅವಳಿಗೆ ಇಷ್ಟವಿಲ್ಲ, ಆದರೂ ಒಪ್ಪುತ್ತಾಳೆ. ಅಂದಿನಿಂದ ಪ್ರತಿ ರಾತ್ರಿಯೂ ಹೂವಿನ ಹಾಸಿಗೆ. ಕೋಣೆಯಾಚೆ ಬಾಡಿದ ಹೂವು ರಾಶಿ ಬೀಳುತ್ತದೆ.

ಅವ್ವನ ಕಷ್ಟ ನೀಗಿಸಲು ಶುರುವಾದದ್ದು ಗಂಡನ ಶೋಕಿಯಾಯಿತು. ಈ ತಿರುವನ್ನು ಕಥೆ ಒತ್ತಿ ಹೇಳುವುದಿಲ್ಲ, ಆದರೆ ಬಾಡಿದ ಹೂವಿನ ರಾಶಿಯನ್ನು ತೋರಿಸುತ್ತದೆ. ಗುಡಿಸಲಲ್ಲಿದ್ದಾಗ ಒಂದು ಹೂವೂ ವ್ಯರ್ಥವಾಗಿರಲಿಲ್ಲ.

ಆ ರಾಶಿ ನೋಡಿಯೇ ನಾದಿನಿಗೆ ಅನುಮಾನ ಬರುವುದು. ಗುಟ್ಟು ತಿಳಿದ ಅವಳು, ಆಟಕ್ಕೆ ಹೋಗೋಣ ಎಂದು ಅತ್ತಿಗೆಯನ್ನು ಗೆಳತಿಯರ ಜೊತೆ ಸುರಹೊನ್ನೆಯ ತೋಪಿಗೆ ಕರೆದೊಯ್ಯುತ್ತಾಳೆ. ಮರವಾಗು ಎಂದು ಕಾಡುತ್ತಾರೆ. ಅವಳು ಎಷ್ಟು ಹೇಳಿದರೂ ಕೇಳುವುದಿಲ್ಲ. ಕೊನೆಗೆ ಕಟ್ಟಳೆ ತಿಳಿಸಿ ಕೂರುತ್ತಾಳೆ. ಹುಡುಗಿಯರು ಮಾತು ಪೂರ್ತಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀರನ್ನು ಅಡ್ಡಾದಿಡ್ಡಿ ಸುರಿಯುತ್ತಾರೆ, ಮರವೂ ಅರೆಬರೆ ಅರಳುತ್ತದೆ. ಮುಗಿಬಿದ್ದು ಕೊಂಬೆ ಮುರಿದು, ಎಲೆ ಹರಿದು ಹೂ ಕೀಳುತ್ತಾರೆ. ಅಷ್ಟರಲ್ಲಿ ಮಳೆ. ಎರಡನೆಯ ಕೊಡವನ್ನು ಹೇಗೋ ಚೆಲ್ಲಿ ಮನೆಗೆ ಓಡುತ್ತಾರೆ. ಹುಡುಗಿ ಪೂರ್ತಿ ಹುಡುಗಿಯಾಗುವುದಿಲ್ಲ. ಕೈಯಿಲ್ಲ, ಕಾಲಿಲ್ಲ, ಗಾಯಗೊಂಡ ಅರ್ಧ ದೇಹ ಮಳೆನೀರಿನಲ್ಲಿ ತೇಲಿ ಚರಂಡಿ ಸೇರುತ್ತದೆ. ಹತ್ತಿಯ ಗಾಡಿ ಹೊಡೆಯುವವನೊಬ್ಬ ನರಳಾಟ ಕೇಳಿ, ತನ್ನ ತಲೆಗೆ ಸುತ್ತಿದ ಬಟ್ಟೆ ಹೊದಿಸಿ, ಗಾಡಿಯಲ್ಲಿ ಹಾಕಿಕೊಂಡು ಬೇರೊಂದು ಊರಿನ ಪಾಳುಮಂಟಪದಲ್ಲಿ ಇಳಿಸಿ ಹೋಗುತ್ತಾನೆ.

ಇಲ್ಲಿಂದ ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಆ ಊರಿನ ರಾಣಿ ರಾಜಕುಮಾರನ ಅಕ್ಕ. ಅವಳ ದಾಸಿಯರು ಹುಡುಗಿಯನ್ನು ಕಂಡು ಅರಮನೆಗೆ ತರುತ್ತಾರೆ. ಹೆಂಡತಿಯನ್ನು ಹುಡುಕಿ ಹುಡುಕಿ ಬೈರಾಗಿಯಂತಾದ ರಾಜಕುಮಾರನೂ ಕೊನೆಗೆ ಅಲ್ಲಿಗೇ ಬರುತ್ತಾನೆ. ಗುರುತು ಸಿಗುತ್ತದೆ. ಅವಳೇ ದಾರಿ ಹೇಳುತ್ತಾಳೆ: ಒಂದು ಕೊಡ ಸುರಿ, ಮರವಾಗುತ್ತೇನೆ, ಮುರಿದ ಕೊಂಬೆಗಳನ್ನು ನೆಟ್ಟಗೆ ಮಾಡು, ಹರಿದ ಎಲೆಗಳನ್ನು ಜೋಡಿಸಿ ಕಟ್ಟು, ಆಮೇಲೆ ಎರಡನೆಯ ಕೊಡ. ಅವನು ಹಾಗೇ ಮಾಡುತ್ತಾನೆ. ಹುಡುಗಿ ಇಡಿಯಾಗಿ ಎದ್ದು ಬರುತ್ತಾಳೆ. ನಾದಿನಿಗೆ ಘೋರ ಶಿಕ್ಷೆಯಾಗುತ್ತದೆ. ಅದನ್ನು ಮಕ್ಕಳಿಗೆ ಹೇಳುವುದೋ ಬಿಡುವುದೋ ನಿಮಗೆ ಬಿಟ್ಟದ್ದು.

ಹೆಂಗಸರು ಹೇಳಿಕೊಂಡು ಬಂದ ಈ ಕನ್ನಡ ಕಥೆ ದೂರದ ಲೋಕಕ್ಕೆ ತಲುಪಿದ್ದು ಎ.ಕೆ. ರಾಮಾನುಜನ್ ಅವರಿಂದ. ಮೈಸೂರಲ್ಲಿ 1929ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಪಾಠ ಹೇಳಿ, ಷಿಕಾಗೊ ವಿಶ್ವವಿದ್ಯಾಲಯ ಸೇರಿದ ರಾಮಾನುಜನ್ ಹೋದಲ್ಲೆಲ್ಲ ಕಥೆ ಕೇಳಿ ಬರೆದುಕೊಂಡವರು. ಅವರು ತೀರಿಕೊಂಡದ್ದು 1993ರಲ್ಲಿ. ಅವರು ಇಂಗ್ಲಿಷಿಗೆ ತಂದ ಕನ್ನಡ ಕಥೆಗಳ ಸಂಗ್ರಹ 1997ರಲ್ಲಿ ಹೊರಬಂದಾಗ ಇದೇ ಕಥೆಯ ಹೆಸರನ್ನು ಹೊತ್ತಿತ್ತು. ಅದಕ್ಕೂ ಮೊದಲೇ, 1992ರಲ್ಲಿ, ಗಿರೀಶ ಕಾರ್ನಾಡರು ಇದನ್ನು 'ಚೆಲುವಿ' ಎಂಬ ಹಿಂದಿ ಚಿತ್ರವಾಗಿಸಿದ್ದರು. ಪರಿಸರ ಸಂರಕ್ಷಣೆಯ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. 2006ರಲ್ಲಿ ಮೊಜಾರ್ಟ್ ಹುಟ್ಟಿ 250 ವರ್ಷವಾದ ನೆಪದಲ್ಲಿ ಅಮೆರಿಕದ ಜಾನ್ ಆಡಮ್ಸ್ ಇದನ್ನು ಆಪೆರಾ ಮಾಡಿ ವಿಯೆನ್ನಾದಲ್ಲಿ ಹಾಡಿಸಿದರು. ನಮ್ಮ ಅಡುಗೆಮನೆಯ ಕಥೆ ವಿಯೆನ್ನಾ ತಲುಪಿತು. ನಾಗರಬಾವಿಯ ಎರಡನೇ ತರಗತಿಯ ಮಗುವಿಗೆ ತಲುಪಿಲ್ಲ. ಇರಲಿ.

ರಾಮಾನುಜನ್ ಇದನ್ನು ಹೆಣ್ಣಿನ ಕಥೆಯೆಂದು ಓದಿದರು. ಹುಡುಗಿ ಕಥೆಯುದ್ದಕ್ಕೂ ಐದು ಸಲ ಮರವಾಗುವುದನ್ನು ಎಣಿಸಿ, ಮರವಾಗಿ ನಿಂತ ಗಳಿಗೆಯಲ್ಲೇ ಅವಳು ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರುತ್ತಾಳೆ ಎಂಬುದನ್ನು ತೋರಿಸಿದರು. ಕಾರ್ನಾಡರ ಚಿತ್ರ ಗೆದ್ದದ್ದು ಪರಿಸರದ ಪ್ರಶಸ್ತಿ. ಎರಡು ಓದೂ ಸರಿಯೇ. ನಾನು ಹಿಡಿದಿರುವುದು ಇನ್ನೊಂದು ಎಳೆ: ಕಥೆ ಮದುವೆಯಿಂದ ಶುರುವಾಗುವುದಲ್ಲ, ಮಗುವಿನಿಂದ. ಯಾರೂ ಕೇಳದೆ, ತಾನಾಗಿಯೇ, ಮನೆಯ ಕಷ್ಟ ನೋಡಲಾರದೆ ನೆರವಿಗೆ ನಿಂತ ಮಗು. ಅಂಥ ಮಕ್ಕಳು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಿಗಿರುವ ಶಕ್ತಿಯನ್ನು ಎಲ್ಲರೂ ಕೊಂಡಾಡುತ್ತೇವೆ. ಕಥೆ ಕಟ್ಟಿದ ಹೆಂಗಸರು ಮಾತ್ರ ಶಕ್ತಿಯ ಬಗ್ಗೆ ಒಂದೇ ಮಾತು ಹೇಳಿ ಮುಗಿಸಿ, ಉಳಿದದ್ದನ್ನೆಲ್ಲ ಕೊಯ್ಯುವವರ ಕೈಯ ಮೇಲೆ ಬಿಟ್ಟಿದ್ದಾರೆ. ಆ ವಿದ್ಯೆ ಅವಳಿಗೆ ಎಲ್ಲಿಂದ ಬಂತು, ಯಾವ ಸಾಧು ವರ ಕೊಟ್ಟ ಎಂದು ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ನೀರು ತಂದವರು ಯಾರು, ಹೇಗೆ ಸುರಿದರು, ಕೊಯ್ಯುವಾಗ ಕೈ ಹಗುರವಾಗಿತ್ತೋ ಇಲ್ಲವೋ, ಎರಡನೆಯ ಕೊಡ ಸುರಿಯುವವರೆಗೆ ನಿಂತರೋ ಓಡಿದರೋ: ಇಷ್ಟೇ ಅವರ ಲೆಕ್ಕ.

ಗಮನಿಸಿ, ಎರಡೂ ಕೊಡವನ್ನು ಮೊದಲೇ ತುಂಬಿ ತಂದಿಟ್ಟುಕೊಳ್ಳಬೇಕು. ಮಗುವನ್ನು ಮರ ಮಾಡಿದ ಮೇಲೆ ಬಾವಿಗೆ ಓಡುವುದಲ್ಲ. ವಾಪಸು ತರುವ ಏರ್ಪಾಡಿಲ್ಲದೆ ಕೇಳಲೇಬಾರದು ಎಂಬ ಷರತ್ತು ಅದು. ಅಕ್ಕ ಅದನ್ನು ಪಾಲಿಸಿದಳು. ಅಕ್ಕನಿಗೂ ವಯಸ್ಸೇನು ಮಹಾ? ಪಾಲಿಸದೆ ಹೋದವರು ಅರಮನೆಯ ಹುಡುಗಿಯರು. ಅವರಿಗೆ ಹೂವಿನ ಅಗತ್ಯವೇ ಇರಲಿಲ್ಲ.

ಇನ್ನೊಂದು ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿ, ಅದಂತೂ ನಿಮಗೆಲ್ಲ ಶಾಲೆಯಲ್ಲೇ ಆಗಿದೆ. ಕೆರೆಗೆ ಹಾರ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ಹನಿ ನೀರು ಬರಲಿಲ್ಲ. ಕಿರಿಸೊಸೆ ಭಾಗೀರಥಿಯನ್ನು ಬಲಿ ಕೊಡಲು ಮನೆಯವರೆಲ್ಲ ಸೇರಿ ತೀರ್ಮಾನಿಸಿದರು. ನೀರು ಬಂತು. ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಸುದ್ದಿ ತಿಳಿದು ಬಂದು ಅದೇ ಕೆರೆಗೆ ಹಾರಿದ. ಪರೀಕ್ಷೆಯಲ್ಲಿ ಇದನ್ನು ತ್ಯಾಗ ಎಂದು ಬರೆದು ಅಂಕ ತೆಗೆದುಕೊಂಡವರು ನಾವು. ಭಾಗೀರಥಿಯನ್ನು ಒಬ್ಬರೂ ಕೇಳಿರಲಿಲ್ಲ ಎಂಬುದು ಉತ್ತರಪತ್ರಿಕೆಯಲ್ಲಿ ಬರಲಿಲ್ಲ. ಅಲ್ಲಿ ಊರಿಗೆ ನೀರು ಸಿಕ್ಕಿತು, ಹುಡುಗಿ ಹೋದಳು. ಹೂವಿನ ಮರದ ಕಥೆ ಕಟ್ಟಿದವರು ಆ ಲೆಕ್ಕವನ್ನು ಒಪ್ಪಲಿಲ್ಲ. ನೀರು ಹುಡುಗಿಯನ್ನು ನುಂಗುವುದಕ್ಕಲ್ಲ, ವಾಪಸು ತರುವುದಕ್ಕೆ ಎಂದರು. ಎರಡೂ ನಮ್ಮವೇ ಕಥೆಗಳು. ಯಾವುದನ್ನು ಪಠ್ಯ ಮಾಡಿಕೊಂಡೆವು ಅನ್ನುವುದೂ ನಮ್ಮದೇ ತೀರ್ಮಾನ.

ಕಥೆಯಿಂದ ಹೊರಗೆ ಬರೋಣ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯಲ್ಲಿ ಸೇತುವೆ ಮುಳುಗಿತ್ತು. ಆಂಬುಲೆನ್ಸ್ ಒಂದು ದಾರಿ ಕಾಣದೆ ನಿಂತಿತು. ಹನ್ನೆರಡರ ಹುಡುಗನೊಬ್ಬ ಸೊಂಟಮಟ್ಟದ ನೀರಿನಲ್ಲಿ ಮುಂದೆ ಮುಂದೆ ಓಡುತ್ತ, ಬೀಳುತ್ತ ಏಳುತ್ತ, ಗಾಡಿಗೆ ರಸ್ತೆ ತೋರಿಸಿ ಆಚೆ ದಾಟಿಸಿದ. ಆ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತದೆ. ನಾಲ್ಕಾರು ಜನಕ್ಕೆ ಕಳಿಸಿಯೂ ಇರುತ್ತೀರಿ. ಆ ಸ್ವಾತಂತ್ರ್ಯ ದಿನ ಜಿಲ್ಲಾಡಳಿತ ಅವನನ್ನು ಸನ್ಮಾನಿಸಿತು, ಆಮೇಲೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿಯೂ ಬಂತು. ಯಾವ ಮಂತ್ರವೂ ಇಲ್ಲ, ವರವೂ ಇಲ್ಲ. ದಿನಾ ಓಡಾಡಿದ ಸೇತುವೆಯ ಅಂಚು ನೀರಿನಡಿಯಲ್ಲಿ ಎಲ್ಲಿದೆಯೆಂದು ಅವನ ಕಾಲಿಗೆ ಗೊತ್ತಿತ್ತು, ಅಷ್ಟೇ. ಆ ಹುಡುಗನ ಮೇಲೆ ನನಗೆ ಅಪಾರ ಗೌರವ. ಆದರೆ ಪ್ರವಾಹದ ಮುಂದೆ ಒಂದು ಮಗು ದಾರಿ ತೋರಿಸಬೇಕಾದ ಸ್ಥಿತಿಗೆ ನಾವು ದೊಡ್ಡವರು ಹೇಗೆ ಬಂದೆವು, ಅವನ ಕಾಲು ಜಾರಿದ್ದರೆ ಹಿಡಿಯಲು ಯಾರಿದ್ದರು ಎಂದು ಕೇಳಿದವರು ಕಡಿಮೆ. ಹಾರ ಹಾಕುವುದು ಮೊದಲನೆಯ ಕೊಡ ಸುರಿದಷ್ಟೇ ಸುಲಭ.

ಇದು ಅಪರೂಪದ ಸಂಗತಿ ಅನ್ನಬಹುದು. ಹಾಗಾದರೆ ದಿನನಿತ್ಯದ್ದನ್ನೇ ನೋಡಿ. ಮನೆಯ ಹಿರಿಮಗಳು. ಅಮ್ಮ ಕೆಲಸಕ್ಕೆ ಹೋದರೆ ತಮ್ಮನನ್ನು ನೋಡಿಕೊಳ್ಳುವವಳು ಅವಳು, ಅನ್ನಕ್ಕಿಡುವವಳು ಅವಳು, ಅಜ್ಜಿಗೆ ಮಾತ್ರೆ ಕೊಡುವವಳು ಅವಳು. ನಮ್ಮ ಅಪಾರ್ಟ್‌ಮೆಂಟುಗಳ ವಾಚ್‌ಮನ್ ಕೋಣೆಯಲ್ಲಿ ಹುಡುಕಿ, ಅವಳು ಸಿಗುತ್ತಾಳೆ. ಬಂದವರೆಲ್ಲ ಜಾಣೆ ಅನ್ನುತ್ತಾರೆ. ಜಾಣೆ ಅನ್ನಿಸಿಕೊಂಡ ಮಗುವಿಗೆ ಬೇಡ ಅನ್ನುವ ದಾರಿ ಮುಚ್ಚಿಹೋಗುತ್ತದೆ. ತರಗತಿಯಲ್ಲೂ ಅದೇ. ಟೀಚರಿಗೆ ಸಹಾಯ ಮಾಡುವ ಮಗುವಿಗೇ ಪುಸ್ತಕ ಹಂಚುವ, ಬೋರ್ಡು ಒರೆಸುವ, ಕಲಿಯದವರಿಗೆ ಕಲಿಸುವ ಕೆಲಸ. ಅದರ ಪಾಠ ಯಾವಾಗ?

ಕಾನೂನು ಈ ವಿಷಯದಲ್ಲಿ ಏನೂ ಹೇಳುವುದಿಲ್ಲ ಅಂದುಕೊಳ್ಳಬೇಡಿ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದಾಗ, ಹದಿನಾಲ್ಕರೊಳಗಿನ ಮಕ್ಕಳಿಂದ ದುಡಿಮೆ ಮಾಡಿಸುವುದನ್ನು ಪೂರ್ತಿ ನಿಷೇಧಿಸಿ, ಜೊತೆಗೇ ಎರಡು ಬಾಗಿಲು ತೆರೆದಿಟ್ಟರು. ಒಂದು, ಮನೆಯವರಿಗೆ, ಮನೆಯ ಕಸುಬಿಗೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ನೆರವಾಗಬಹುದು, ಅಪಾಯದ ಕೆಲಸವಾಗಬಾರದು. ಇನ್ನೊಂದು, ಸಿನಿಮಾ, ಟಿ.ವಿ.ಯಂಥ ಕಡೆ ಕಲಾವಿದರಾಗಿ ಕಾಣಿಸಿಕೊಳ್ಳಬಹುದು. ಮರುವರ್ಷ ಬಂದ ನಿಯಮಗಳು ಈ ಬಾಗಿಲುಗಳಿಗೆ ಚಿಲಕ ಹಾಕಿದವು. ಮನೆಯ ಕಸುಬಿನ ನೆರವು ಸಂಜೆ ಏಳರ ಮೇಲೆ, ಬೆಳಗ್ಗೆ ಎಂಟರ ಒಳಗೆ ಕೂಡದು. ಕಲಾವಿದ ಮಗುವಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ವಿಶ್ರಾಂತಿಯಿಲ್ಲದೆ ಒಟ್ಟಿಗೆ ಮೂರು ಗಂಟೆ ಮೀರುವಂತಿಲ್ಲ, ಗಳಿಕೆಯಲ್ಲಿ ಕನಿಷ್ಠ ಶೇ 20ರಷ್ಟು ಆ ಮಗುವಿನ ಹೆಸರಿಗೇ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಬರೆದವರು ಈ ಜನಪದ ಕಥೆ ಕೇಳಿದ್ದರೋ ಇಲ್ಲವೋ. ಕಟ್ಟಳೆ ಮಾತ್ರ ಅದೇ ಜಾತಿಯದು.

ಈಗ ಬೆಳಗ್ಗೆ ಐದಕ್ಕೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಿ ನೋಡಿ. ಅಥವಾ ಅಷ್ಟು ದೂರ ಬೇಡ, ಹಬ್ಬದ ಹಿಂದಿನ ರಾತ್ರಿ ವಿಜಯನಗರದಲ್ಲೋ ಕೆಂಗೇರಿಯಲ್ಲೋ ಫುಟ್‌ಪಾತಿನ ಮೇಲೆ ಮಾರು ಲೆಕ್ಕದಲ್ಲಿ ಹೂ ಕಟ್ಟುವವರ ಪಕ್ಕ ಕುಳಿತ ಬೆರಳುಗಳನ್ನು ನೋಡಿ. ಅವ್ವನಿಗೆ ನೆರವಾಗುವ ಮಗು ಅಲ್ಲಿದೆ. ಆ ಮಗುವಿನ ಹತ್ತಿರ ಚೌಕಾಸಿ ಮಾಡಿ ಇನ್ನೊಂದು ಮೊಳ ಸೇರಿಸಿಕೊಳ್ಳುವವರು ನಾವೇ. ಅವ್ವನನ್ನು ದೂರುವುದು ನನಗೆ ಇಷ್ಟವಿಲ್ಲ. ಕಥೆಯಲ್ಲೂ ಮುದುಕಿಯ ಬಡತನವೇ ಹುಡುಗಿಯನ್ನು ಮರ ಮಾಡಿದ್ದು. ಮುದುಕಿಗೆ ಅದು ಗೊತ್ತೂ ಇರಲಿಲ್ಲ, ಗೊತ್ತಾದಾಗ ಸಂತೋಷಪಡಲೂ ಇಲ್ಲ. ಆ ಊರಿನ ರಾಜ ಮುದುಕಿಗೆ ಹೊಟ್ಟೆ ತುಂಬುವ ಕೂಲಿ ಸಿಗುವಂತೆ ಮಾಡಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ನೀವು ನಡೆಯುವ ಜಾಗದ ಮಾತಿಗೆ ಬರುತ್ತೇನೆ. ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿದ್ದು 1964ರಲ್ಲಿ. ಸೆಂಟ್ರಲ್ ಕಾಲೇಜಿನ ಅಂಗಳ ಸಾಲದಾದಾಗ ಊರಾಚೆ ಸುಮಾರು 1,100 ಎಕರೆ ಇಲ್ಲಿ ಸಿಕ್ಕಿತು. ಈಗ ಊರೇ ಬಂದು ಅದನ್ನು ನಾಲ್ಕೂ ಕಡೆಯಿಂದ ಸುತ್ತುವರಿದಿದೆ. ವಿದ್ಯಾರ್ಥಿಗಳು, ಅಧ್ಯಾಪಕರು, ನೌಕರರು ಸೇರಿ ನೆಟ್ಟು ಬೆಳೆಸಿದ ಜೀವವೈವಿಧ್ಯ ವನ, ಮಳೆನೀರು ಹಿಡಿಯಲು ಕಟ್ಟಿದ ಒಡ್ಡುಗಳು ಇಲ್ಲಿವೆ. ಪಶ್ಚಿಮ ಬೆಂಗಳೂರಿಗೆ ಉಸಿರು, ನೆರಳು, ಒಂದಿಷ್ಟು ಅಂತರ್ಜಲ ಕೊಡುತ್ತಿರುವ ನೆಲ ಇದು. ನಾವು ಅದಕ್ಕೆ ಕೊಡುತ್ತಿರುವುದು? ಅಡ್ಡದಾರಿಯೆಂದು ಆವರಣದೊಳಗೆ ನುಗ್ಗುವ ವಾಹನ, ಕತ್ತಲಲ್ಲಿ ಸುರಿದುಹೋಗುವ ಕಟ್ಟಡದ ಅವಶೇಷ. ಕೊಂಚ ದಕ್ಷಿಣಕ್ಕೆ, ಮೈಸೂರು ರಸ್ತೆಯ ಪಕ್ಕದಲ್ಲೇ, ಹರಿಯುವ ವೃಷಭಾವತಿಯನ್ನು ನೋಡಿದರೆ ಕೊಟ್ಟವಳ ಗತಿ ಏನಾಗುತ್ತದೆ ಎಂದು ತಿಳಿಯುತ್ತದೆ. ಗಾಳಿ ಆಂಜನೇಯನ ಗುಡಿಯ ಬಳಿ ಒಂದು ಕಾಲಕ್ಕೆ ಭಕ್ತರು ಕಾಲು ತೊಳೆದ ನೀರು ಈಗ ಮೂಗು ಮುಚ್ಚಿಕೊಂಡು ದಾಟುವ ಕಪ್ಪು ಕಾಲುವೆ. ನೊರೆ ಹೊತ್ತು ಬೈರಮಂಗಲದ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿ ಸೇರುತ್ತದೆ. ಬೈರಮಂಗಲದ ರೈತರು ಆ ನೀರಿನಲ್ಲೇ ಬೆಳೆ ತೆಗೆಯುತ್ತಾರೆ. ಕೈಕಾಲಿಲ್ಲದ ದೇಹ ಮಳೆಯಲ್ಲಿ ತೇಲಿ ಚರಂಡಿ ಸೇರಿತು ಎಂಬ ಮಾತನ್ನು ಈ ರಸ್ತೆಯಲ್ಲಿ ನಿಂತು ಹೇಳುವಾಗ ಅದು ಬರೀ ಕಥೆ ಅನ್ನಿಸುವುದಿಲ್ಲ.

ಇಷ್ಟೆಲ್ಲ ನಿಮಗೇ ಯಾಕೆ ಬರೆದೆ? ಸರ್ಕಾರಕ್ಕೋ ಕುಲಪತಿಗಳಿಗೋ ಬರೆಯಬಹುದಿತ್ತು. ಬರೆಯುವವರು ಬರೆಯುತ್ತಲೇ ಇದ್ದಾರೆ. ನಿಮಗೆ ಬರೆದದ್ದಕ್ಕೆ ಕಾರಣ, ನಿಮ್ಮ ಹತ್ತಿರ ಅವರಾರಲ್ಲೂ ಇಲ್ಲದ ಎರಡು ಇವೆ: ಬೆಳಗಿನ ಒಂದು ಗಂಟೆ ಪುರಸೊತ್ತು, ಮತ್ತು ಕೈ ಹಿಡಿದು ಜೊತೆಗೆ ಬರುವ ಒಂದು ಮಗು. ಅಪ್ಪ ಅಮ್ಮಂದಿರಿಗೆ ಈ ಎರಡೂ ಇಲ್ಲ, ವಾರವೆಲ್ಲ ಟ್ರಾಫಿಕ್ಕಿನಲ್ಲಿ ಕಳೆದು ಭಾನುವಾರ ಮಲಗಿರುತ್ತಾರೆ.

ಹಾಗಾಗಿ ಒಂದಿಷ್ಟು ಕೇಳಿಕೊಳ್ಳುತ್ತೇನೆ. ಹೂ ಬೇಕೇ ಬೇಕಿದ್ದರೆ ಪಾರಿಜಾತದ ಬುಡಕ್ಕೆ ಹೋಗಿ, ಅದು ರಾತ್ರಿಯೇ ತಾನಾಗಿ ಉದುರಿಸಿಟ್ಟಿರುತ್ತದೆ. ದೇವರಿಗೆ ನೆಲದಿಂದ ಆಯ್ದು ಏರಿಸಬಹುದಾದ ಹೂವು ಅದೊಂದು ಎಂದು ನಮ್ಮ ಹಿರಿಯರೇ ಒಪ್ಪಿದ್ದಾರೆ. ಮಗು ಚೀಲ ಹಿಡಿದಿದ್ದರೆ ಅದರ ಕೈಯಿಂದ ಇಸಿದುಕೊಳ್ಳಿ. ಸಾಕಾ ಪುಟ್ಟಾ, ಸುಸ್ತಾಯ್ತಾ ಎಂದು ಕೇಳಿ, ಕೇಳಿ ಸುಮ್ಮನಿರಿ. ಉತ್ತರವನ್ನೂ ನೀವೇ ಹೇಳಬೇಡಿ. ಬೇಡ ಅಂದರೆ ಬೇಡ ಅನ್ನಲಿ, ಅದಕ್ಕೂ ಒಂದು ಶಭಾಷ್ ಇರಲಿ.

ಮತ್ತೆ, ಈ ಕಥೆ ಹೇಳಿ. ಪೂರ್ತಿ ಹೇಳಿ. ಹುಡುಗಿ ಮರವಾದಳು, ಹೂ ಬಿಟ್ಟಳು, ರಾಜಕುಮಾರ ಬಂದ ಎನ್ನುವಲ್ಲಿಗೆ ನಿಲ್ಲಿಸಿದರೆ ಅದು ಕಾರ್ಟೂನಾಗುತ್ತದೆ. ಮಳೆ ಬಂದದ್ದು, ಹುಡುಗಿಯರು ಓಡಿದ್ದು, ಗಾಡಿಯವನು ಬಟ್ಟೆ ಹೊದಿಸಿದ್ದು ಎಲ್ಲ ಇರಲಿ. ಮಕ್ಕಳು ಹೆದರುತ್ತಾರೆ, ಸ್ವಲ್ಪ ಹೆದರಲಿ. ಎರಡನೆಯ ಕೊಡ ಸುರಿಯುವಾಗ ಎಲ್ಲ ಕೊಂಬೆಗಳನ್ನೂ ಜೋಡಿಸಿದನಾ ಎಂದು ಮಗು ಕೇಳಿದರೆ ಆತುರಪಟ್ಟು ಹೌದೆನ್ನಬೇಡಿ. ಕಥೆಯಲ್ಲಿ ರಾಜಕುಮಾರನಿಗೆ ಆ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ನೀವೇ ಸೇರಿಸಿ ಹೇಳಬಹುದು, ಹೇಳುವವರಿಗೆ ಅಷ್ಟು ಸ್ವಾತಂತ್ರ್ಯ ಯಾವಾಗಲೂ ಇದೆ.

ಕೊನೆಯದಾಗಿ, ನೀವು ದಿನಾ ದಾಟಿಹೋಗುವ ಈ ಆವರಣದಲ್ಲೇ ಕನ್ನಡ ಅಧ್ಯಯನ ಕೇಂದ್ರವಿದೆ. ಜಿ.ಎಸ್. ಶಿವರುದ್ರಪ್ಪನವರು ಕಟ್ಟಿ ಬೆಳೆಸಿದ, ಚಂದ್ರಶೇಖರ ಕಂಬಾರ, ಕಿ.ರಂ. ನಾಗರಾಜ, ಡಿ.ಆರ್. ನಾಗರಾಜ, ಸಿದ್ಧಲಿಂಗಯ್ಯ ಪಾಠ ಹೇಳಿದ ವಿಭಾಗ. ಜನಪದ ಕಥೆಗಳನ್ನು ಕಸವೆಂದು ತಳ್ಳದೆ ಅಲ್ಲಿ ಕೂಡಿಸಿ ಓದಿದ್ದಾರೆ. ರಾಮಾನುಜನ್ ಬರೆದುಕೊಂಡದ್ದು ಹೂವಿನ ಮರದ ಕೆಲವು ಪಾಠಗಳನ್ನು ಮಾತ್ರ. ಇನ್ನೂ ಬೇರೆ ಪಾಠಗಳು ನಿಮ್ಮ ಅಕ್ಕನ, ಅತ್ತೆಯ, ಎಂಬತ್ತು ದಾಟಿದ ತಾಯಿಯ ಬಾಯಲ್ಲಿ ಇರಬಹುದು. ಮರ ಸಂಪಿಗೆಯೋ ಸುರಹೊನ್ನೆಯೋ, ನೀರು ತಂದವಳು ಅಕ್ಕನೋ ಅವ್ವನೋ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಈ ವಾರವೇ ಪಕ್ಕದಲ್ಲಿ ಕೂತು ಕೇಳಿ, ಮೊಬೈಲಿನಲ್ಲಿ ದನಿ ಹಿಡಿಯಿರಿ. ಹೇಳಿದವರ ಹೆಸರು, ಊರು, ಅವರಿಗೆ ಯಾರು ಹೇಳಿದ್ದರು ಎಂಬುದನ್ನು ಜೊತೆಗೆ ಬರೆದಿಟ್ಟು, ಒಂದು ಪ್ರತಿಯನ್ನು ಕೇಂದ್ರಕ್ಕೆ ಕೊಡಿ.

ಇತಿ,
ಇದೇ ರಸ್ತೆಯಲ್ಲಿ ನಿಮ್ಮ ಹಿಂದೆ ನಿಧಾನಕ್ಕೆ ನಡೆಯುವ ಒಬ್ಬ